ಕಣ್ಣಿಗೆ ಕಾಣದ ದಣಿವು: ಹುಟ್ಟಿನಿಂದ ಬಂದ ನರಗಾಯ ಮತ್ತು ನಮ್ಮ ಕೆಲಸದ ಸ್ಥಳ

(ಗ್ರಾಮ ಪಂಚಾಯಿತಿ ಸಿಬ್ಬಂದಿ, ಕಾಯಕ ಬಂಧುಗಳು ಹಾಗೂ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗಾಗಿ ಅಧ್ಯಯನ ಪಾಠ)

1. ಹಿನ್ನೆಲೆ

ಉದ್ಯೋಗ ಖಾತರಿ ಯೋಜನೆಯಡಿ ನಮ್ಮ ಪಂಚಾಯಿತಿಯಲ್ಲಿ ಕೆರೆ ಹೂಳೆತ್ತುವ ಕಾಮಗಾರಿ ನಡೆಯುತ್ತಿತ್ತು. ಕೂಲಿಕಾರ ಮಹಿಳೆಯೊಬ್ಬರು ಒಂದೇ ವಾರದಲ್ಲಿ ಮೂರು ದಿನ ಹಾಜರಾತಿಯ ಎರಡನೆಯ ಭಾವಚಿತ್ರದ ವೇಳೆಗೆ ಸ್ಥಳದಲ್ಲಿ ಇರಲಿಲ್ಲ. ಅರ್ಧಕ್ಕೇ ಬಿಟ್ಟುಹೋಗುತ್ತಾರೆಂದು ಕಾಯಕ ಬಂಧು ತಿಳಿಸಿದರು. ಕಾರಣವನ್ನು ವಿಚಾರಿಸದೆ ನಾನು ಹಾಜರಾತಿ ಪಟ್ಟಿಗೆ ಸಹಿ ಮಾಡಿದೆ. ಮೂರು ದಿನಗಳ ಕೂಲಿ ಅವರಿಗೆ ದೊರೆಯಲಿಲ್ಲ.

ಮುಂದಿನ ವಾರ ಅವರು ಕಚೇರಿಗೆ ಬಂದರು. ಅವರ ಬಲಗೈ ಹುಟ್ಟಿನಿಂದಲೂ ಭುಜದ ಮಟ್ಟಕ್ಕಿಂತ ಮೇಲೇಳದು. "ಕೈ ನೋವು ಅಂತಲ್ಲ ಸರ್. ಮಧ್ಯಾಹ್ನದ ಹೊತ್ತಿಗೆ ಮೈಯೇ ಇಳಿದುಹೋಗುತ್ತೆ. ಎಲ್ಲರೂ ಕೆಲಸ ಮಾಡೋವಾಗ ನಾನೊಬ್ಬಳೇ ಕೂತಿದ್ದರೆ ಏನಂದುಕೊಳ್ತಾರೋ ಅಂತ ಮನೆಗೆ ಹೋಗಿಬಿಡ್ತಿದ್ದೆ" ಎಂದರು.

ಈ ಮಾತು ನನಗೆ ಹೊಸದಲ್ಲ. ನನ್ನ ಎಡಗೈಗೂ ಹುಟ್ಟುವಾಗಲೇ ಇದೇ ಗಾಯವಾಗಿದೆ. ಇಂಜಿನಿಯರಿಂಗ್ ವ್ಯಾಸಂಗದ ಕಾಲದಲ್ಲಿ ಮೂರು ಗಂಟೆಗಳ ನಕ್ಷೆ ತರಗತಿ ಮುಗಿಸಿದ ಸಂಜೆ ಊಟದ ತಟ್ಟೆ ಹಿಡಿಯುವುದೂ ಕಷ್ಟವಾಗುತ್ತಿತ್ತು. ಸೋಮಾರಿ ಎನ್ನಿಸಿಕೊಳ್ಳುವ ಭಯದಿಂದ ಯಾರಿಗೂ ಹೇಳಲಿಲ್ಲ. ಸ್ವತಃ ಅನುಭವಿಸಿದವನೇ ಮತ್ತೊಬ್ಬರ ವಿಷಯದಲ್ಲಿ ಕೇಳದೆ ತೀರ್ಮಾನಿಸಿದೆನೆಂಬುದೇ ಈ ಪಾಠ ಬರೆಯಲು ಕಾರಣ.

2. ಗಾಯದ ಸ್ವರೂಪ

ಕತ್ತಿನ ಬಳಿ ಬೆನ್ನುಹುರಿಯಿಂದ ಹೊರಡುವ ಐದು ನರಮೂಲಗಳು ಹೆಣೆದುಕೊಂಡು ಭುಜದ ನರಜಾಲವಾಗುತ್ತವೆ. ಭುಜ, ತೋಳು, ಅಂಗೈಗಳ ಚಲನೆಯೂ ಸ್ಪರ್ಶವೂ ಬಹುತೇಕ ಈ ಜಾಲವನ್ನೇ ಅವಲಂಬಿಸಿವೆ. ಹೆರಿಗೆಯಲ್ಲಿ ಮಗುವಿನ ತಲೆ ಹೊರಬಂದ ಬಳಿಕ ಭುಜ ಸಿಲುಕಿದರೆ ಈ ನರಗಳು ಹಿಗ್ಗಬಹುದು ಅಥವಾ ಹರಿಯಬಹುದು. ಮೇಲಿನ ನರಮೂಲಗಳಿಗೆ ಆಗುವ ಇಂತಹ ಗಾಯಕ್ಕೆ 'ಅರ್ಬ್ಸ್ ಪಾಲ್ಸಿ' ಎಂಬ ಹೆಸರಿದೆ. ಅನೇಕ ಶಿಶುಗಳು ಚೇತರಿಸಿಕೊಳ್ಳುತ್ತವೆ. ಕೆಲವರಲ್ಲಿ ಗಾಯದ ಪರಿಣಾಮ ಜೀವನಪರ್ಯಂತ ಉಳಿಯುತ್ತದೆ.

3. ದಣಿವು ಏಕೆ?

ಅ) ಸಾಮರ್ಥ್ಯದ ಪ್ರಮಾಣ: ಒಂದು ಉದಾಹರಣೆ ನೋಡೋಣ. 20 ಕೆ.ಜಿ. ಎತ್ತಬಲ್ಲ ತೋಳಿಗೆ 5 ಕೆ.ಜಿ. ಹೊರೆಯೆಂದರೆ ಸಾಮರ್ಥ್ಯದ ನಾಲ್ಕನೆಯ ಒಂದು ಭಾಗ. 8 ಕೆ.ಜಿ. ಮಾತ್ರ ಎತ್ತಬಲ್ಲ ತೋಳಿಗೆ ಅದೇ ಹೊರೆ ಶೇ. 60ಕ್ಕೂ ಹೆಚ್ಚು. ಎರಡೂ ತೋಳುಗಳು ಮಾಡಿದ ಕೆಲಸ ಒಂದೇ. ವ್ಯಯವಾದ ಶಕ್ತಿ ಒಂದೇ ಅಲ್ಲ.

ಆ) ದಾರಿ ತಪ್ಪಿದ ನರತಂತುಗಳು: ಗಾಯಗೊಂಡ ನರ ದಿನಕ್ಕೆ ಸುಮಾರು 1 ಮಿ.ಮೀ.ನಂತೆ ಮರಳಿ ಬೆಳೆಯುತ್ತದೆ. ಹೀಗೆ ಬೆಳೆಯುವ ಕೆಲವು ತಂತುಗಳು ತಪ್ಪು ಸ್ನಾಯುವನ್ನು ಸೇರುತ್ತವೆ. ಆಗ ತೋಳನ್ನು ಮಡಿಸುವ ಸ್ನಾಯುವೂ ಚಾಚುವ ಸ್ನಾಯುವೂ ಒಟ್ಟಿಗೆ ಬಿಗಿಯುತ್ತವೆ. ಒಂದೇ ನೊಗದ ಎತ್ತುಗಳು ಎದುರುಬದುರಾಗಿ ಎಳೆದಂತೆ ಶ್ರಮ ಹೆಚ್ಚಾಗಿ ಚಲನೆ ಕಡಿಮೆಯಾಗುತ್ತದೆ.

ಇ) ಉಳಿದ ಅಂಗಗಳ ಹೊರೆ: ಬಾಗದ ಭುಜದ ಕೆಲಸವನ್ನು ಬೆನ್ನು, ಸೊಂಟ ಹಾಗೂ ಇನ್ನೊಂದು ಕೈ ಹೊರುತ್ತವೆ. ವರ್ಷಗಳು ಕಳೆದಂತೆ ಅವುಗಳಲ್ಲಿಯೂ ನೋವು ಕಾಣಿಸಿಕೊಳ್ಳಬಹುದು. ನೋವಿನಿಂದ ನಿದ್ರೆ ಕೆಡುತ್ತದೆ. ನಿದ್ರೆ ಕೆಟ್ಟರೆ ಮರುದಿನದ ದಣಿವು ಬೆಳಿಗ್ಗೆಯೇ ಆರಂಭವಾಗುತ್ತದೆ.

ಒಂದು ಎಚ್ಚರಿಕೆ ಅಗತ್ಯ. ಎಲ್ಲ ದಣಿವಿಗೂ ನರಗಾಯವೇ ಕಾರಣವೆಂದು ಭಾವಿಸಬಾರದು. ರಕ್ತಹೀನತೆ, ಥೈರಾಯ್ಡ್ ದೋಷ, ಮಧುಮೇಹ, ಖಿನ್ನತೆಗಳಿಂದಲೂ ದಣಿವು ಬರುತ್ತದೆ. ಆದ್ದರಿಂದ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆ ಮಾಡಿಸಿಕೊಳ್ಳಲು ಸೂಚಿಸತಕ್ಕದ್ದು.

4. ಪ್ರಮಾಣಪತ್ರ ಅಳೆಯದಿರುವುದು

ಚಲನ ವೈಕಲ್ಯದ ಮೌಲ್ಯಮಾಪನದಲ್ಲಿ ಕೀಲುಗಳ ಚಲನೆ, ಸ್ನಾಯುಗಳ ಬಲ, ಕೈಯ ಹಿಡಿತ, ಸ್ಪರ್ಶ ಮುಂತಾದವುಗಳನ್ನು ಪರೀಕ್ಷಿಸುತ್ತಾರೆ. ಬೆಳಿಗ್ಗೆ ಒಮ್ಮೆ ಎತ್ತಿದ ಕೈ ಮಧ್ಯಾಹ್ನ ನೂರನೆಯ ಬಾರಿಗೆ ಏಳುವುದೇ ಎಂಬುದು ಆ ಅಳತೆಗೆ ಸಿಗುವುದಿಲ್ಲ. ಹೀಗಾಗಿ ಶೇಕಡಾವಾರು ಅಂಕಿಯೊಂದನ್ನೇ ನೋಡಿ ಒಬ್ಬರ ದಿನವನ್ನು ಅಳೆಯಲಾಗದು.

ಕಾನೂನು ಕೂಡ ಇದನ್ನು ಗಮನಿಸಿದೆ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರಲ್ಲಿ ಮೀಸಲಾತಿಯಂತಹ ಸೌಲಭ್ಯಗಳಿಗೆ ಶೇ. 40ರ ಮಿತಿಯಿದೆ. ಆದರೆ ಅದರ ಪ್ರಕರಣ 2ರಲ್ಲಿ ವಿವರಿಸಿರುವ 'ಸಮಂಜಸ ಹೊಂದಾಣಿಕೆ'ಯನ್ನು ಆ ಮಿತಿಗೆ ಕಟ್ಟಿಹಾಕಿಲ್ಲ. ಅನುಚಿತ ಹೊರೆಯಾಗದಂತೆ, ವ್ಯಕ್ತಿಯ ಅಗತ್ಯಕ್ಕೆ ತಕ್ಕ ಮಾರ್ಪಾಡು ಮಾಡುವುದೇ ಅದರ ಅರ್ಥ. ಇಳಿಜಾರು ಕಟ್ಟಿಸಿದರೆ ನಮ್ಮ ಕರ್ತವ್ಯ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಕೆಲಸದ ವೇಳೆಯನ್ನು ಹೊಂದಿಸುವುದೂ ಮಾರ್ಪಾಡೇ.

5. ಅನುಸರಿಸಬೇಕಾದ ಕ್ರಮಗಳು

• ವಿಶೇಷಚೇತನ ಕೂಲಿಕಾರರಿಗೆ ಕೆಲಸದ ಅಳತೆಯಲ್ಲಿರುವ ಶೇ. 50ರ ರಿಯಾಯಿತಿಯನ್ನು ಕಾಮಗಾರಿಯ ಮೊದಲ ದಿನವೇ ಸ್ಥಳದಲ್ಲಿ ಓದಿ ಹೇಳುವುದು.
• ಭಾರದ ಕೆಲಸವನ್ನು ಬೆಳಗಿನ ತಂಪಿನಲ್ಲಿ ಮುಗಿಸಲು ಅವಕಾಶ ನೀಡುವುದು. ಪುಟ್ಟಿಗೆ ಅರ್ಧದಷ್ಟೇ ಮಣ್ಣು ತುಂಬುವುದು; ತಲೆಗೆ ಎತ್ತಿಕೊಡಲು ಜೊತೆಗೊಬ್ಬರನ್ನು ನೇಮಿಸುವುದು.
• ಪೂರ್ತಿ ಸೋತ ಮೇಲೆ ಪಡೆದ ವಿಶ್ರಾಂತಿ ಬೇಗ ಫಲ ಕೊಡದು. ಸೋಲುವ ಮುನ್ನವೇ ಹತ್ತು ಹದಿನೈದು ನಿಮಿಷಗಳ ಬಿಡುವು ನೀಡುವುದು. ಕಾಮಗಾರಿ ಸ್ಥಳದ ನೆರಳಿನ ವ್ಯವಸ್ಥೆ ಇರುವುದೇ ಇದಕ್ಕಾಗಿ.
• ಕಚೇರಿಯಲ್ಲಿ ನಿತ್ಯ ಬಳಸುವ ಕಡತಗಳನ್ನು ಎದೆಯ ಮಟ್ಟಕ್ಕಿಂತ ಕೆಳಗಿನ ಅಂಕಣಗಳಲ್ಲಿ ಇಡುವುದು.
• ಯುಡಿಐಡಿ ಕಾರ್ಡ್ ಇಲ್ಲದವರ ಅರ್ಜಿಯನ್ನು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ತುಂಬಿಸುವುದು. ಅಗತ್ಯ ಉಪಕರಣಗಳಿಗೆ ಪಂಚಾಯಿತಿಯ ಶೇ. 5ರ ನಿಧಿಯನ್ನು ಪರಿಗಣಿಸುವುದು.
• ಗೈರುಹಾಜರಿ ಮರುಕಳಿಸಿದಲ್ಲಿ, ಗೈರು ಎಂದು ದಾಖಲಿಸುವ ಮುನ್ನ ಏಕಾಂತದಲ್ಲಿ ಕಾರಣ ಕೇಳುವುದು.

6. ಉಪಸಂಹಾರ

ಮುಕ್ತಾಯಗೊಂಡ ಹಾಜರಾತಿ ಪಟ್ಟಿಯನ್ನು ತಿದ್ದಲು ಆಗಲಿಲ್ಲ. ಆ ಮೂರು ದಿನಗಳ ಕೂಲಿ ಹೋದದ್ದೇ. ಮುಂದಿನ ವಾರದಿಂದ ಆ ಮಹಿಳೆ ನಡುವೆ ಎರಡು ಬಾರಿ ನೆರಳಿನಲ್ಲಿ ಕುಳಿತು ಎದ್ದು, ಎರಡನೆಯ ಭಾವಚಿತ್ರದವರೆಗೂ ಕೆಲಸದಲ್ಲಿದ್ದರು. ಇದಕ್ಕಾಗಿ ಪಂಚಾಯಿತಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ಮೊದಲ ದಿನ ಅವರು ಕೂರಲು ಹೋದಾಗ ಕಾಯಕ ಬಂಧುವೇ "ಕೂತ್ಕೋ ಅಕ್ಕ, ಯಾರೂ ಏನೂ ಅನ್ನಲ್ಲ" ಎಂದರು. ನಾವು ಮೊದಲೇ ಆಡಬೇಕಿದ್ದ ಮಾತು ಅದು.

ಚರ್ಚೆಗೆ ಪ್ರಶ್ನೆಗಳು

1. ನಿಮ್ಮ ಪಂಚಾಯಿತಿಯಲ್ಲಿ ಕಳೆದ ತಿಂಗಳು ಅರ್ಧ ದಿನಕ್ಕೇ ಮರಳಿದ ಕೂಲಿಕಾರರು ಎಷ್ಟು ಮಂದಿ? ಕಾರಣ ಕೇಳಲಾಗಿದೆಯೇ?
2. ನಿಮ್ಮ ಕಚೇರಿಯಲ್ಲಿ ದಣಿವನ್ನು ಮುಚ್ಚಿಟ್ಟು ದುಡಿಯುತ್ತಿರುವವರು ಅದನ್ನು ಹೇಳಿಕೊಳ್ಳುವಂತಹ ವಾತಾವರಣ ಇದೆಯೇ?
3. ಮುಂದಿನ ವಿಶೇಷಚೇತನರ ಗ್ರಾಮಸಭೆಯಲ್ಲಿ ಕೆಲಸದ ವೇಳೆಯ ಹೊಂದಾಣಿಕೆಯನ್ನು ಚರ್ಚೆಗೆ ಹೇಗೆ ತರುವಿರಿ?

– ಪಂಚಾಯಿತಿ ಅಭಿವೃದ್ಧಿ ಅಧಿಕಾರಿ