ಕಡಲೆಯ ವಾಯಿದಾ ಮಾಡಿಸುತ್ತೇನೆ ಎನ್ನುವವರನ್ನು ಕೇಳಬೇಕಾದದ್ದು

ಅಬ್ಬಿಗೇರಿಯ ಎರೆ ಹೊಲಗಳಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ರೋಣ ತಾಲ್ಲೂಕಿನ ಎಷ್ಟೋ ಮನೆಗಳ ವರ್ಷದ ಲೆಕ್ಕ ನಿಂತಿರುವುದು ಈ ಎರಡು ಬೆಳೆಗಳ ಮೇಲೆ. ಹೀಗಿರುವಾಗ ‘ಮೊಬೈಲಿನಲ್ಲೇ ಕಡಲೆಯ ವಾಯಿದಾ (ಫ್ಯೂಚರ್ಸ್) ವಹಿವಾಟು ಮಾಡಿಸುತ್ತೇವೆ, ಇವತ್ತಿನ ದರಕ್ಕೆ ಹಿಡಿಯಿರಿ, ಏರಿದಾಗ ಬಿಡಿ’ ಎಂದು ಯಾರಾದರೂ ಹೇಳಿದರೆ ಆ ಮಾತು ಬೇಗ ತಲೆಗೆ ಹತ್ತುತ್ತದೆ. ಕಡಲೆಯ ದರದ ಏರಿಳಿತ ನಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು ಎಂಬ ಧೈರ್ಯ ರೈತನಿಗೆ ಇದ್ದೇ ಇರುತ್ತದೆ.

ಆದರೆ 2021ರ ಡಿಸೆಂಬರ್‌ನಲ್ಲಿ ಷೇರು ಮತ್ತು ವಾಯಿದಾ ಮಾರುಕಟ್ಟೆಗಳ ನಿಯಂತ್ರಕ ಸೆಬಿ ಏಳು ಕೃಷಿ ಸರಕುಗಳ ವಾಯಿದಾ ವಹಿವಾಟನ್ನು ನಿಲ್ಲಿಸಿತು. ಭತ್ತ, ಗೋಧಿ, ಸಾಸಿವೆ, ಸೋಯಾ, ಕಚ್ಚಾ ತಾಳೆ ಎಣ್ಣೆಗಳ ಜೊತೆ ಕಡಲೆ ಮತ್ತು ಹೆಸರು ಕೂಡ ಆ ಪಟ್ಟಿಯಲ್ಲಿದ್ದವು. ಒಂದು ವರ್ಷಕ್ಕೆಂದು ಹೊರಟ ಆದೇಶ ಮೇಲಿಂದ ಮೇಲೆ ವಿಸ್ತರಣೆಗೊಂಡು 2026ರ ಮಾರ್ಚ್ 31ರ ವರೆಗೂ ಬಂತು. ಈ ಅವಧಿಯಲ್ಲಿ ಕಡಲೆಯ ವಾಯಿದಾ ಮಾಡಿಸಿಕೊಟ್ಟೆನೆಂದವನು ಅದನ್ನು ಯಾವ ಮಾರುಕಟ್ಟೆಯಲ್ಲಿ ಮಾಡಿಸಿದ? ಬ್ರೋಕರ್ ಯಾರು ಎಂದು ವಿಚಾರಿಸುವ ಮೊದಲು ಕೇಳಬೇಕಾದ ಪ್ರಶ್ನೆ ಇದೇ. ಇಂದಿಗೂ ಎನ್‌ಸಿಡಿಇಎಕ್ಸ್, ಎಂಸಿಎಕ್ಸ್‌ನಂಥ ಯಾವ ಮಾನ್ಯ ವಿನಿಮಯ ಕೇಂದ್ರದ ಜಾಲತಾಣದ ಕರಾರುಗಳ ಪಟ್ಟಿಯಲ್ಲೂ ಇಲ್ಲದ ಸರಕಿಗೆ ಕಾನೂನುಬದ್ಧ ವಾಯಿದಾ ಇಲ್ಲ.

ಷೇರು ಮತ್ತು ವಾಯಿದಾ ವಹಿವಾಟು ನಡೆಯಬೇಕಾದದ್ದು 1956ರ ಸೆಕ್ಯುರಿಟೀಸ್ ಕರಾರು ನಿಯಂತ್ರಣ ಕಾಯ್ದೆಯಡಿ ಮಾನ್ಯತೆ ಪಡೆದ ವಿನಿಮಯ ಕೇಂದ್ರಗಳಲ್ಲಿ. 1963ರಲ್ಲಿ ಸ್ಥಾಪನೆಯಾಗಿದ್ದ ಬೆಂಗಳೂರು ಷೇರು ವಿನಿಮಯ ಕೇಂದ್ರ 2014ರಲ್ಲಿ ಮುಚ್ಚಿತು. ಈಗ ಅಬ್ಬಿಗೇರಿಯವರಾದರೂ ಬೆಂಗಳೂರಿನವರಾದರೂ ಹೋಗಬೇಕಾದದ್ದು ಎನ್‌ಎಸ್‌ಇ, ಬಿಎಸ್‌ಇ, ಎಂಸಿಎಕ್ಸ್, ಎನ್‌ಸಿಡಿಇಎಕ್ಸ್‌ಗಳಂಥ ಕೇಂದ್ರಗಳಿಗೇ, ಅದೂ ನೋಂದಾಯಿತ ಬ್ರೋಕರ್ ಮೂಲಕ.

ಇದರಾಚೆಗೆ ನಡೆಯುವುದು ಡಬ್ಬಾ ಟ್ರೇಡಿಂಗ್. ಪರದೆಯ ಮೇಲೆ ಕಾಣುವುದು ನಿಜವಾದ ಮಾರುಕಟ್ಟೆಯ ದರವೇ, ಆದರೆ ನಿಮ್ಮ ಆರ್ಡರ್ ಅಲ್ಲಿಗೆ ಹೋಗುವುದೇ ಇಲ್ಲ. ನೀವು ಸೋತದ್ದು ನೇರವಾಗಿ ನಡೆಸುವವನ ಜೇಬಿಗೆ. 1956ರ ಕಾಯ್ದೆಯ 23ನೇ ಕಲಂ ಪ್ರಕಾರ ಇದಕ್ಕೆ 10 ವರ್ಷಗಳವರೆಗೆ ಸೆರೆವಾಸ, 25 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಗೆದ್ದವನ ಗತಿಯೂ ಚೆನ್ನಾಗಿಲ್ಲ. ಬರಿಯ ದರದ ಮೇಲೆ ಕಟ್ಟಿದ ಪಂತಕ್ಕೆ 1872ರ ಕರಾರು ಕಾಯ್ದೆಯ 30ನೇ ಕಲಂನಡಿ ಬೆಲೆಯಿಲ್ಲ, ಗೆದ್ದ ಹಣ ಕೊಡಿಸಿ ಎಂದು ದಾವೆ ಹೂಡಲು ಬರುವುದಿಲ್ಲ.

ಡಾಲರ್, ಯೂರೋ ಹೆಸರಿನ ಫಾರೆಕ್ಸ್ ಆ್ಯಪ್‌ಗಳದ್ದು ಇನ್ನೂ ಕಠಿಣ ಸಂಗತಿ. ಅನುಮತಿಯಿಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ಪ್ರಕಟಿಸುತ್ತಿದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದಮಾತ್ರಕ್ಕೆ ಅನುಮತಿಯಿದೆ ಎಂದಲ್ಲ. ಇಂಥ ಆ್ಯಪ್‌ನಲ್ಲಿ ವಹಿವಾಟು ಮಾಡಿದ ಗ್ರಾಹಕನೂ 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯಡಿ ದಂಡಕ್ಕೆ ಗುರಿಯಾಗಬಹುದು. ದುಡ್ಡು ಕಳೆದುಕೊಂಡವನ ಮೇಲೆಯೇ ಕ್ರಮ ಜರುಗಬಹುದೆಂಬುದನ್ನು ಆ ಜಾಹೀರಾತುಗಳು ಹೇಳುವುದಿಲ್ಲ.

ಮಾರುಕಟ್ಟೆ ಖಚಿತವಾದ ಮೇಲೆ ಬ್ರೋಕರ್. ಎಪಿಎಂಸಿಗೆ ಚೀಲ ಇಳಿಸುವಾಗ ಅಡತಿ ಅಂಗಡಿಗೆ ಲೈಸೆನ್ಸ್ ಇದೆಯೇ, ಪಟ್ಟಿ ಕೊಡುತ್ತಾರೆಯೇ ಎಂದು ನೋಡುವ ಕಣ್ಣೇ ಇಲ್ಲೂ ಬೇಕು. ಬ್ರೋಕರ್‌ನ ಸೆಬಿ ನೋಂದಣಿ ಸಂಖ್ಯೆ ‘ಐಎನ್‌ಝಡ್’ ಅಕ್ಷರಗಳಿಂದ ಶುರುವಾಗುತ್ತದೆ. ಅದನ್ನು ಸೆಬಿಯ ಜಾಲತಾಣದಲ್ಲಿ ನೀವೇ ಹುಡುಕಬೇಕು, ಅವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಪ್ರಮಾಣಪತ್ರ ನಂಬಬಾರದು. ನಿಜವಾದ ಕಂಪನಿಯ ಹೆಸರು, ಸಂಖ್ಯೆ ಎರಡನ್ನೂ ಕದ್ದು ನಕಲಿ ಆ್ಯಪ್ ಕಟ್ಟುವವರಿದ್ದಾರೆ. ಹಾಗಾಗಿ ಕೊನೆಯ ಪರೀಕ್ಷೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದೇ. 2025ರ ಅಕ್ಟೋಬರ್ 1ರಿಂದ ನೋಂದಾಯಿತ ಬ್ರೋಕರ್‌ಗಳಿಗೆ ಪ್ರತ್ಯೇಕ ಯುಪಿಐ ವಿಳಾಸ ಬಂದಿದೆ. ಅದರಲ್ಲಿ ‘ಬಿಆರ್‌ಕೆ’ ಮತ್ತು ‘ವ್ಯಾಲಿಡ್’ ಎಂಬ ಗುರುತುಗಳಿರುತ್ತವೆ. ಸೆಬಿ ಚೆಕ್ ಎಂಬ ಸೌಲಭ್ಯದಲ್ಲಿ ಬ್ರೋಕರ್‌ನ ಯುಪಿಐ ವಿಳಾಸ, ಬ್ಯಾಂಕ್ ಖಾತೆ ಎರಡನ್ನೂ ತಾಳೆ ನೋಡಬಹುದು. ಯಾವುದೋ ವ್ಯಕ್ತಿಯ ಉಳಿತಾಯ ಖಾತೆಗೆ ಹಾಕಿ ಎಂದರೆ ಮಾತು ಅಲ್ಲಿಗೆ ಮುಗಿಯಬೇಕು. ಬ್ರೋಕರ್ ನಗದು ತೆಗೆದುಕೊಳ್ಳುವಂತಿಲ್ಲ, ಖಚಿತ ಲಾಭದ ಭರವಸೆ ಕೊಡುವಂತಿಲ್ಲ.

ಖಾತೆ ತೆರೆಯುವಾಗ ನಿಮ್ಮದೇ ಮೊಬೈಲ್ ಸಂಖ್ಯೆ ಕೊಡಿ. ಏಜೆಂಟ್ ತನ್ನ ನಂಬರ್ ಹಾಕಿಕೊಂಡರೆ ವಿನಿಮಯ ಕೇಂದ್ರ ಮತ್ತು ಷೇರುಗಳ ದಾಖಲೆ ಇಡುವ ಡಿಪಾಸಿಟರಿ ಕಳಿಸುವ ಸಂದೇಶ ನಿಮಗೆ ಮುಟ್ಟುವುದೇ ಇಲ್ಲ. ವಹಿವಾಟಾದ 24 ಗಂಟೆಯೊಳಗೆ ಕಾಂಟ್ರ್ಯಾಕ್ಟ್ ನೋಟ್ ಪಡೆಯುವುದು ನಿಮ್ಮ ಹಕ್ಕು.

ನೋಂದಣಿ ಇದ್ದರೂ ಕಣ್ಣು ಮುಚ್ಚುವಂತಿಲ್ಲ ಎಂಬುದಕ್ಕೆ ಹೈದರಾಬಾದಿನ ಕಾರ್ವಿ ಸ್ಟಾಕ್ ಬ್ರೋಕಿಂಗ್ ಸಾಕ್ಷಿ. ಗ್ರಾಹಕರು ಕೊಟ್ಟ ಮುಖ್ತಿಯಾರ್ ಪತ್ರವನ್ನು ಬಳಸಿ ಅವರ ಷೇರುಗಳನ್ನೇ ಅಡವಿಟ್ಟು ಸಾಲ ಎತ್ತಿದ್ದಕ್ಕಾಗಿ 2019ರ ನವೆಂಬರ್ 22ರಂದು ಸೆಬಿ ಅದರ ಮೇಲೆ ನಿರ್ಬಂಧ ಹೇರಿತು. 2023ರಲ್ಲಿ ನೋಂದಣಿ ರದ್ದಾಯಿತು. ಸುಮಾರು 83 ಸಾವಿರ ಗ್ರಾಹಕರಿಗೆ ಷೇರುಗಳು ಮರಳಿದವು, ಏಕೆಂದರೆ ಅವು ಮಾನ್ಯ ವ್ಯವಸ್ಥೆಯ ದಾಖಲೆಯಲ್ಲಿದ್ದವು. ಆ ಹಗರಣದ ಬಳಿಕ ನಿಯಮಗಳು ಬಿಗಿಯಾಗಿವೆ. ಕೊಂಡ ಷೇರು ಈಗ ನೇರ ನಿಮ್ಮ ಡಿಮ್ಯಾಟ್ ಖಾತೆಗೆ ಬರಬೇಕು. ಮುಖ್ತಿಯಾರ್ ಬದಲಿಗೆ ಬಂದಿರುವ ಡಿಡಿಪಿಐ (ಡಿಮ್ಯಾಟ್ ಡೆಬಿಟ್ ಮತ್ತು ಪ್ಲೆಡ್ಜ್ ಸೂಚನೆ) ಪತ್ರಕ್ಕೆ ಸಹಿ ಹಾಕುವುದು ಕಡ್ಡಾಯವಲ್ಲ.

ಒಳ್ಳೆಯ ಬ್ರೋಕರ್ ಸಿಕ್ಕಮಾತ್ರಕ್ಕೆ ಫ್ಯೂಚರ್ಸ್, ಆಪ್ಷನ್ಸ್ ಒಳ್ಳೆಯ ಹೂಡಿಕೆ ಆಗುವುದಿಲ್ಲ ಎಂದೂ ಹೇಳಲೇಬೇಕು. ಷೇರು ಮಾರುಕಟ್ಟೆಯ ಈ ವಿಭಾಗದಲ್ಲಿ ಮೂರು ಹಣಕಾಸು ವರ್ಷಗಳ ಅವಧಿಗೆ ಸೆಬಿ ಮಾಡಿದ ಅಧ್ಯಯನ 2024ರಲ್ಲಿ ಹೊರಬಂತು: ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ಬೀಜ, ಗೊಬ್ಬರದ ದುಡ್ಡನ್ನು ಅಲ್ಲಿಗೆ ಒಯ್ಯುವುದು ಬೇಡ.

ನೋಂದಾಯಿತ ಬ್ರೋಕರ್‌ನಿಂದ ಅನ್ಯಾಯವಾದರೆ ಮೊದಲು ಅವರಿಗೇ ಲಿಖಿತ ದೂರು. ಬಗೆಹರಿಯದಿದ್ದರೆ ಒಂದು ವರ್ಷದೊಳಗೆ ಸೆಬಿಯ ಸ್ಕೋರ್ಸ್ ಜಾಲತಾಣದಲ್ಲಿ; 21 ದಿನಗಳಲ್ಲಿ ಉತ್ತರ ಬರಬೇಕು. ಅದೂ ಸಮಾಧಾನ ತರದಿದ್ದರೆ ಸ್ಮಾರ್ಟ್ ಒಡಿಆರ್ ಎಂಬ ವ್ಯಾಜ್ಯ ಪರಿಹಾರ ವೇದಿಕೆಯಲ್ಲಿ ಮೊದಲು ಸಂಧಾನ, ಬಳಿಕ ಪಂಚಾಯ್ತಿಕೆ. ಎಲ್ಲವೂ ಆನ್‌ಲೈನ್ ಆದ್ದರಿಂದ ಅಬ್ಬಿಗೇರಿಯಲ್ಲೇ ಕೂತು ನಡೆಸಬಹುದು. ತಿಳಿಯದಿದ್ದರೆ ಸೆಬಿಯ ಉಚಿತ ಸಹಾಯವಾಣಿ 1800 22 7575.

ನಕಲಿ ಆ್ಯಪ್‌ಗೆ ಹಣ ಹೋಗಿದ್ದರೆ ಈ ದಾರಿ ಹಿಡಿದು ಕಾಲ ಕಳೆಯಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಆಗಷ್ಟೇ ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ. ಬ್ಯಾಂಕಿಗೂ ತಿಳಿಸಿ. ಆದರೆ ಗ್ರಾಹಕನ ಹೊಣೆ ಶೂನ್ಯ ಎಂಬ ರಿಸರ್ವ್ ಬ್ಯಾಂಕಿನ 2017ರ ನಿಯಮ ನಿಮಗೆ ತಿಳಿಯದೆ ಹೋದ ಹಣಕ್ಕೆ. ನೀವೇ ಕಳಿಸಿದ್ದಕ್ಕೆ ಅದರ ರಕ್ಷಣೆ ನೆಚ್ಚಿಕೊಳ್ಳಬೇಡಿ. ಬಳಿಕ ಗದಗಿನ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ದೂರು. ‘ಇದು ನಮ್ಮ ವ್ಯಾಪ್ತಿಯಲ್ಲ’ ಎಂದು ಯಾವ ಠಾಣೆಯೂ ತಿರುಗಿ ಕಳಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಅಪರಾಧ ಎಲ್ಲೇ ನಡೆದಿರಲಿ, ಮಾಹಿತಿಯನ್ನು ದಾಖಲಿಸಿಕೊಳ್ಳಬೇಕು, ಎಫ್‌ಐಆರ್ ಪ್ರತಿಯನ್ನು ದೂರುದಾರರಿಗೆ ಉಚಿತವಾಗಿ ಕೊಡಬೇಕು. ವಕೀಲರ ನೆರವು ಬೇಕಾದರೆ ರೋಣದ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅದು ಉಚಿತ. ದೂರವಾಣಿಯಲ್ಲಿ ಕೇಳುವುದಾದರೆ ಕಾನೂನು ನೆರವಿನ ಸಹಾಯವಾಣಿ 15100.