ಬ್ರೇಕ್ ಪೈಪಿನ ವಾಷರ್: ಕೊಳ್ಳುವ ಮೊದಲು ಎಣಿಸಿ, ಅಳೆಯಿರಿ

ಬೈಕಿನ ಡಿಸ್ಕ್ ಬ್ರೇಕ್ ಪೈಪ್ ಬದಲಿಸಿದ ಕೆಲವೇ ದಿನಗಳಲ್ಲಿ ಕ್ಯಾಲಿಪರ್ ಬಳಿ ಆಯಿಲ್ ಜಿನುಗಿದರೆ ಎಲ್ಲರೂ ಮೊದಲು ಬಯ್ಯುವುದು ಹೊಸ ಪೈಪನ್ನು. ಪೈಪಿನ ತುದಿಯ ಉಂಗುರಕ್ಕೆ ಎರಡೂ ಬದಿಯಲ್ಲಿ ಕೂರುವ ಪುಟ್ಟ ವಾಷರುಗಳನ್ನು ಯಾರೂ ನೋಡುವುದಿಲ್ಲ. ಸೋರಿಕೆ ಅನೇಕ ಸಲ ಇರುವುದು ಅಲ್ಲೇ.

ಈ ವಾಷರ್ ತಾಮ್ರದ್ದು ಇಲ್ಲವೇ ಅಲ್ಯೂಮಿನಿಯಂನದು. ಟೊಳ್ಳು ಬೋಲ್ಟನ್ನು, ಅಂದರೆ ಮೆಕ್ಯಾನಿಕ್‌ಗಳು ಬ್ಯಾಂಜೋ ಬೋಲ್ಟ್ ಎನ್ನುವುದನ್ನು, ಬಿಗಿದಾಗ ಈ ಮೆತ್ತನೆಯ ಲೋಹ ಅಮುಕಿಕೊಂಡು ಸಣ್ಣ ಗೀರುಗಳನ್ನೆಲ್ಲ ಮುಚ್ಚುತ್ತದೆ. ಒಮ್ಮೆ ಅಮುಕಿದ ಮೇಲೆ ಗಡುಸಾಗುತ್ತದೆ, ಇನ್ನೊಮ್ಮೆ ಹಾಗೆ ಹೊಂದಿಕೊಳ್ಳುವುದಿಲ್ಲ. ತಾಮ್ರದ್ದನ್ನು ಕೆಂಪಗೆ ಕಾಯಿಸಿ ಮೆದುಗೊಳಿಸಬಹುದು ಎನ್ನುವುದು ನಿಜ. ಆದರೆ ಬ್ರೇಕಿನ ವಿಷಯದಲ್ಲಿ ಆ ಉಳಿತಾಯ ಬೇಡ. ಬೋಲ್ಟ್ ಬಿಚ್ಚಿದಾಗಲೆಲ್ಲ ಹೊಸ ವಾಷರ್ ಹಾಕಿ.

ಮೊದಲು ಎಣಿಕೆ. ಒಂದು ಪೈಪಿನ ಒಂದು ತುದಿಗೆ ಎರಡು ವಾಷರ್: ಬೋಲ್ಟಿನ ತಲೆಯ ಕೆಳಗೊಂದು, ಪೈಪಿಗೂ ಕ್ಯಾಲಿಪರಿಗೂ ನಡುವೆ ಇನ್ನೊಂದು. ಒಂದೇ ಬೋಲ್ಟಿನಲ್ಲಿ ಎರಡು ಪೈಪ್ ಕೂಡಿದ್ದರೆ ಮೂರು. ಎಬಿಎಸ್ ಇರುವ ಬೈಕುಗಳಲ್ಲಿ ಕೀಲುಗಳು ಹೆಚ್ಚು, ಹಾಗಾಗಿ ಎಣಿಕೆಯೂ ಹೆಚ್ಚು.

ಹೆಚ್ಚು ಜನ ಎಡವುವುದು ಇಲ್ಲಿಯೇ. ಬೋಲ್ಟ್ ಬಿಚ್ಚಿದರೆ ಕೈಗೆ ಬರುವುದು ಒಂದೇ ವಾಷರ್. ‘ಇದಕ್ಕೆ ಒಂದೇ ಇರುವುದು’ ಎಂದುಕೊಂಡು ಒಂದನ್ನೇ ಕೊಂಡು ತರುತ್ತಾರೆ. ಎರಡನೆಯದು ಕ್ಯಾಲಿಪರಿಗೇ ಕಚ್ಚಿಕೊಂಡಿರುತ್ತದೆ. ಅಲ್ಯೂಮಿನಿಯಂ ಕ್ಯಾಲಿಪರಿಗೆ ಅಂಟಿದ ಅಲ್ಯೂಮಿನಿಯಂ ವಾಷರಿನ ಬಣ್ಣ ಅದೇ, ಮೇಲಿನ ಧೂಳೂ ಅದೇ. ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟರೆ ಮಾತ್ರ ಅಂಚಿನಲ್ಲಿ ಕೂದಲೆಳೆಯಷ್ಟು ಗೆರೆ ಕಾಣುತ್ತದೆ. ಅದನ್ನು ಗಮನಿಸದೆ ಹೊಸದನ್ನು ಅದರ ಮೇಲೆಯೇ ಕೂರಿಸಿದರೆ ಗಡುಸಾದ ಹಳೆಯದು ಕೆಳಗೆ ಉಳಿಯುತ್ತದೆ, ಎಷ್ಟು ಬಿಗಿದರೂ ಜಿನುಗು ನಿಲ್ಲದಿರಬಹುದು. ಆಗ ಇನ್ನಷ್ಟು ಬಿಗಿಯುತ್ತಾರೆ, ಟೊಳ್ಳು ಬೋಲ್ಟ್ ತುಂಡಾಗುತ್ತದೆ. ಹಳೆಯದನ್ನು ಉಗುರಿನಿಂದಲೋ ಪ್ಲಾಸ್ಟಿಕ್ ಚೂರಿನಿಂದಲೋ ಎಬ್ಬಿಸಿ. ಸ್ಕ್ರೂಡ್ರೈವರ್ ತೂರಿಸಬೇಡಿ, ವಾಷರ್ ಕೂರುವ ಜಾಗದಲ್ಲಿ ಆಳವಾದ ಗೀರು ಬಿದ್ದರೆ ಯಾವ ವಾಷರೂ ಕಾಪಾಡದು. ಪೈಪಿನ ಉಂಗುರದ ಎರಡೂ ಮುಖ, ಬೋಲ್ಟಿನ ತಲೆಯ ಕೆಳಭಾಗ, ಇವನ್ನೂ ಹೀಗೆಯೇ ಪರೀಕ್ಷಿಸಿ.

ಇನ್ನು ಅಳತೆ. ಬಹುತೇಕ ಬೈಕುಗಳ ಬ್ಯಾಂಜೋ ಬೋಲ್ಟ್ 10 ಮಿ.ಮೀ. ದಪ್ಪದ್ದು. ಜಪಾನಿ ಬೈಕುಗಳಲ್ಲಿ ಸಾಮಾನ್ಯವಾಗಿ ಥ್ರೆಡ್ಡಿನ ಅಂತರ 1.25, ಬ್ರೆಂಬೋ ಬ್ರೇಕುಗಳಲ್ಲಿ 1.0. ಬೋಲ್ಟ್ ಕೊಳ್ಳುವಾಗ ಈ ವ್ಯತ್ಯಾಸ ಮುಖ್ಯ, ವಾಷರಿಗೆ ಎರಡೂ ಒಂದೇ: ಒಳಗಿನ ವ್ಯಾಸ 10 ಮಿ.ಮೀ. ಹೊರವ್ಯಾಸ ಮತ್ತು ದಪ್ಪವನ್ನು ವರ್ನಿಯರ್‌ನಿಂದ ಅಳೆಯಿರಿ. ಹಳೆಯದು ಅಮುಕಿರುವುದರಿಂದ ಹೊಸದರ ದಪ್ಪ ಕೊಂಚ ಹೆಚ್ಚೇ ಇರುತ್ತದೆ. ಹೊರವ್ಯಾಸ ತೀರಾ ದೊಡ್ಡದಾದರೆ ಕ್ಯಾಲಿಪರಿನ ಗುಳಿಯಲ್ಲಿ ಕೂರುವುದಿಲ್ಲ.

ಅಂಗಡಿಯಲ್ಲಿ ‘ತಾಮ್ರದ ವಾಷರ್ ಕೊಡಿ’ ಎಂದಷ್ಟೇ ಕೇಳಿದರೆ ಎಂಜಿನ್ ಆಯಿಲ್ ಡ್ರೈನ್ ಬೋಲ್ಟಿನದು ಸಿಗಬಹುದು. 12 ಮಿ.ಮೀ. ತೂತಿನ ವಾಷರ್ 10ರ ಬೋಲ್ಟಿಗೆ ಸಲೀಸಾಗಿ ಇಳಿಯುತ್ತದೆ, ಆದರೆ ಪಕ್ಕಕ್ಕೆ ಸರಿದು ಕೂರುತ್ತದೆ. ಆದ್ದರಿಂದ ಬೈಕಿನ ಮಾಡೆಲ್, ವರ್ಷ ಹೇಳಿ ಪಾರ್ಟ್ ನಂಬರಿನಿಂದಲೇ ಕೇಳಿ. ಹೋಂಡಾ ಪಟ್ಟಿಯಲ್ಲಿ ಇದರ ಹೆಸರು ‘ಆಯಿಲ್ ಬೋಲ್ಟ್ ವಾಷರ್’. ಕಬ್ಬಿಣದ ಸಾದಾ ವಾಷರ್ ಕೊಟ್ಟರೆ ಹಿಂದಿರುಗಿಸಿ. ಅಂಚಿಗೆ ರಬ್ಬರ್ ಇರುವುದೂ ಬೇಡ, ಎಂಜಿನ್ ಆಯಿಲಿಗೆಂದು ಮಾಡಿದ ರಬ್ಬರ್ ಬ್ರೇಕ್ ಆಯಿಲಿನಲ್ಲಿ ಊದಿಕೊಳ್ಳುತ್ತದೆ.

ಜೋಡಿಸುವಾಗ ಟಾರ್ಕ್ ರೆಂಚ್ ಬಳಸಿ, ಎಷ್ಟು ಬಿಗಿಯಬೇಕೆಂದು ನಿಮ್ಮ ಬೈಕಿನ ಮ್ಯಾನ್ಯುಯಲ್ ನೋಡಿ. ಬ್ರೇಕ್ ಪೈಪಿನೊಳಗಿನ ಗಾಳಿ ಪೂರ್ತಿ ತೆಗೆಯಿರಿ. ಬಣ್ಣದ ಮೇಲೆ ಬಿದ್ದ ಬ್ರೇಕ್ ಆಯಿಲನ್ನು ತಕ್ಷಣ ನೀರಿನಿಂದ ತೊಳೆಯಿರಿ. ಲಿವರನ್ನು ಬಲವಾಗಿ ಹಿಡಿದು, ಕೀಲಿಗೆ ಟಿಶ್ಯೂ ಒತ್ತಿ ನೋಡಿ. ಒದ್ದೆಯಾದರೆ ಬೈಕ್ ರಸ್ತೆಗಿಳಿಸಬೇಡಿ.