ಹೊರನಾಡಿನ ಹೆಸರನ್ನು ತೊಟ್ಟಿಲಿಗೆ ತರುವ ಮುನ್ನ

ಮಗುವಿಗೆ ಹೆಸರಿಡಲು ನಮ್ಮಲ್ಲಿ ಬಹುಕಾಲ ಇದ್ದದ್ದು ಮೂರೇ ದಾರಿ: ಮನೆದೇವರು, ತೀರಿಕೊಂಡ ಅಜ್ಜ-ಅಜ್ಜಿ, ಇಲ್ಲವೇ ಪುರೋಹಿತರು ನಕ್ಷತ್ರ ನೋಡಿ ಕೊಟ್ಟ ಅಕ್ಷರ. ಅಶ್ವಿನಿ ನಕ್ಷತ್ರವೆಂದರೆ ಚು, ಚೆ, ಚೋ, ಲ. ಅಲ್ಲಿಗೆ ಮಾತು ಮುಗಿಯುತ್ತಿತ್ತು. ಈಗ ಬಾಣಂತನ ಮುಗಿಯುವ ಮೊದಲೇ ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮೈರಾ, ಕಿಯಾರಾ, ಹನಾ, ಕೈ, ಲಿಯಾಮ್ ಓಡಾಡುತ್ತಿರುತ್ತವೆ. ಸೊಸೆ ಜಪಾನಿನವಳೋ ಅಳಿಯ ಜರ್ಮನಿಯವನೋ ಆಗಿದ್ದರಂತೂ ಎರಡೂ ಕಡೆಯ ಅಜ್ಜಿಯರ ಬಾಯಿಗೆ ಬರುವ ಹೆಸರನ್ನೇ ಹುಡುಕಬೇಕು.

ಬೇರೆ ಸೀಮೆಯ ಹೆಸರಿಡುವುದು ತಪ್ಪೇನಲ್ಲ. ನಮ್ಮ ಹೆಸರುಗಳೂ ಊರು ಬಿಟ್ಟು ಹೋಗಿವೆ. ಹಾಲಿವುಡ್ ನಟಿ ಉಮಾ ಥರ್ಮನ್ ಅವರ ಪೂರ್ಣ ಹೆಸರು ಉಮಾ ಕರುಣಾ ಥರ್ಮನ್. ತಂದೆ ರಾಬರ್ಟ್ ಥರ್ಮನ್ ಟಿಬೆಟನ್ ಬೌದ್ಧ ಧರ್ಮದ ದೊಡ್ಡ ವಿದ್ವಾಂಸರು. ಏನು ಇಡುತ್ತಿದ್ದೇನೆಂದು ಗೊತ್ತಿದ್ದವರು. ಎಡವಟ್ಟಾಗುವುದು ಅರ್ಥದ ಪಟ್ಟಿಯೊಂದನ್ನೇ ನಂಬಿ ಇಟ್ಟಾಗ. ಅರ್ಥವನ್ನು ಕೊನೆಗೆ ನೋಡಿದರೂ ನಡೆದೀತು. ಆ ಹೆಸರನ್ನು ಅದರ ತವರಿನಲ್ಲಿ ಯಾರಿಗೆ, ಯಾವಾಗ ಇಡುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ಹೆಜ್ಜೆ 1: ಪಟ್ಟಿ ಮುಚ್ಚಿಡಿ, ಮನುಷ್ಯರನ್ನು ಹುಡುಕಿ

ಮೈರಾ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಸಂಸ್ಕೃತದಲ್ಲಿ ‘ಪ್ರಿಯೆ’ ಎಂದರ್ಥ ಎಂದು ಜಾಲತಾಣಗಳು ಬರೆದುಕೊಂಡಿವೆ. ಸಂಸ್ಕೃತ ನಿಘಂಟು ತೆರೆದರೆ ಆ ಅರ್ಥದಲ್ಲಿ ಅದು ಸಿಗುವುದಿಲ್ಲ. ಹತ್ತಿರ ಸಿಗುವುದು ‘ಮೈರೇಯ’, ಅದೊಂದು ಬಗೆಯ ಮದ್ಯ. ಮೈರಾ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಫುಲ್ಕ್ ಗ್ರೆವಿಲ್ ಎಂಬ ಕವಿ ತನ್ನ ಪ್ರೇಮಕವಿತೆಗಳಿಗಾಗಿ ಕಟ್ಟಿದ ಹೆಸರು. ಕಿಯಾರಾದ್ದೂ ಇಂಥದೇ ಕಥೆ. ಅದರ ಬೇರು ಐರ್ಲೆಂಡಿನ ಕೀರಾದಲ್ಲಿ ಇದೆಯೆಂದರೆ ಅರ್ಥ ಕಪ್ಪು, ಇಟಲಿಯ ಕ್ಯಾರಾದಲ್ಲಿ ಇದೆಯೆಂದರೆ ಬೆಳಕು. ಬಿಡದಿ ಬಳಿಯ ಭದ್ರಾಪುರದ ಹಕ್ಕಿಪಿಕ್ಕಿ ಕುಟುಂಬಗಳಲ್ಲಿ ಮಕ್ಕಳಿಗೆ ಗೂಗಲ್, ಕಾಫಿ, ಹೈಕೋರ್ಟ್ ಎಂಬ ಹೆಸರುಗಳಿವೆ ಎಂದು ಪಟ್ಟಣದವರು ನಗುವುದುಂಟು. ಆ ಹೆಸರು ಎಲ್ಲಿಂದ ಬಂತೆಂದು ಆ ಕುಟುಂಬಗಳಿಗಾದರೂ ಗೊತ್ತಿದೆ.

ಸಂಸ್ಕೃತ ಮೂಲ ಎಂದು ಯಾರಾದರೂ ಹೇಳಿದರೆ ಮೋನಿಯರ್ ವಿಲಿಯಮ್ಸ್ ನಿಘಂಟಿನಲ್ಲಿ ನೋಡಿ. ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತದೆ. ಪರಭಾಷೆಯ ಹೆಸರಾದರೆ ಆ ದೇಶದಲ್ಲಿ ಅದೇ ಹೆಸರಿನ ನಾಲ್ಕಾರು ಆಟಗಾರರು, ಮಂತ್ರಿಗಳು, ಲೇಖಕರನ್ನು ಹುಡುಕಿ. ಹೆಣ್ಣೋ ಗಂಡೋ ಎಂಬುದು ಆಗಲೇ ತಿಳಿಯುತ್ತದೆ. ನಾವು ಹೆಣ್ಣುಮಕ್ಕಳಿಗೆ ಇಡುವ ನಿಕಿತಾ ರಷ್ಯಾದಲ್ಲಿ ಗಂಡಸು. ನಿಕಿತಾ ಕ್ರುಶ್ಚೇವ್ ನೆನಪಿರಬಹುದು. ಮಿಶಾ ಅಲ್ಲಿ ಮಿಖಾಯಿಲ್‌ನ ಮುದ್ದಿನ ಹೆಸರು. ಆಂಡ್ರಿಯಾ ಜರ್ಮನಿಯಲ್ಲಿ ಹೆಂಗಸು, ಇಟಲಿಯಲ್ಲಿ ಗಾಯಕ ಆಂಡ್ರಿಯಾ ಬೊಚೆಲ್ಲಿಯಂಥ ಗಂಡಸು.

ಕರೆಯುವ ಹೆಸರು ಯಾವುದು, ಕುಲನಾಮ ಯಾವುದು ಎಂಬುದೂ ಹೀಗೆ ಹುಡುಕಿದಾಗಲೇ ಗೊತ್ತಾಗುತ್ತದೆ. ಚೀನಾ, ಕೊರಿಯಾ, ಹಂಗೇರಿಗಳಲ್ಲಿ ಕುಲನಾಮ ಮೊದಲು ಬರುತ್ತದೆ. ಕೊರಿಯಾದ ಕಿಮ್, ಪಾರ್ಕ್ ಎರಡೂ ಮನೆತನದ ಹೆಸರುಗಳು. ಸ್ಪ್ಯಾನಿಷ್ ಪದ್ಧತಿಯಲ್ಲಿ ತಂದೆಯದು ಮೊದಲು, ತಾಯಿಯದು ಆಮೇಲೆ. ನಾವು ಸಲೀಸಾಗಿ ಮಾರ್ಕ್ವೆಜ್ ಎನ್ನುವ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ಅವರಿಗೆ ತಂದೆಯಿಂದ ಬಂದದ್ದು ಗಾರ್ಸಿಯಾ.

ಹೆಜ್ಜೆ 2: ಹೆಸರಿನ ಹಿಂದಿನ ಲೆಕ್ಕ ತಿಳಿಯಿರಿ

ಅನೇಕ ಸಮಾಜಗಳಲ್ಲಿ ಹೆಸರನ್ನು ಆರಿಸುವುದೇ ಇಲ್ಲ, ಅದು ತಾನಾಗಿ ಒದಗಿ ಬರುತ್ತದೆ. ಘಾನಾದ ಅಕಾನ್ ಜನರಲ್ಲಿ ಹುಟ್ಟಿದ ವಾರವೇ ಹೆಸರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ ಹುಟ್ಟಿದ್ದು 1938ರ ಏಪ್ರಿಲ್ 8ರಂದು, ಶುಕ್ರವಾರ. ಕೋಫಿ ಎಂದರೆ ಶುಕ್ರವಾರದ ಗಂಡು. ಅವರ ಇನ್ನೊಂದು ಹೆಸರು ಅಟ್ಟಾ, ಅವಳಿ ಎಂದು. ಅವಳಿ ತಂಗಿ ಎಫುವಾ, ಅಂದರೆ ಶುಕ್ರವಾರದ ಹೆಣ್ಣು. ಅನ್ನಾನ್ ಎಂದರೆ ನಾಲ್ಕನೆಯ ಮಗು. ಇಷ್ಟು ವಿವರ ಒಂದೇ ಹೆಸರಿನಲ್ಲಿ! ಕ್ವಾಮೆ ಶನಿವಾರದವನು. ಮಂಗಳವಾರ ಹುಟ್ಟಿದ ಮಗನಿಗೆ ಚೆನ್ನಾಗಿ ಕೇಳಿಸುತ್ತದೆಂದು ಕ್ವಾಮೆ ಎಂದಿಟ್ಟರೆ, ಮುಂದೆ ಅವನಿಗೆ ಸಿಗುವ ಮೊದಲ ಘಾನಾದ ಗೆಳೆಯ ಕೇಳುವ ಪ್ರಶ್ನೆ ಊಹಿಸಿಕೊಳ್ಳಿ.

ಬಾಲಿಯಲ್ಲಿ ಹುಟ್ಟಿದ ಕ್ರಮದ ಮೇಲೆ ಹೆಸರು: ವಯಾನ್, ಮಾದೆ, ನ್ಯೋಮನ್, ಕೆತುತ್. ಐದನೆಯ ಮಗು ಬಂದರೆ ಮತ್ತೆ ವಯಾನ್‌ನಿಂದ ಶುರು. ನೈಜೀರಿಯಾದ ಯೊರುಬಾ ಅವಳಿಗಳಲ್ಲಿ ಮೊದಲು ಹುಟ್ಟಿದ್ದು ತೈವೊ, ಆಮೇಲಿನದು ಕೆಹಿಂದೆ. ಆದರೆ ಕೆಹಿಂದೆಯೇ ಹಿರಿಯ. ಲೋಕ ಹೇಗಿದೆ ನೋಡಿ ಬಾ ಎಂದು ತೈವೊನನ್ನು ಮುಂದೆ ಕಳಿಸಿದ್ದು ಅವನಂತೆ. ಅಜ್ಜ ತೀರಿಕೊಂಡ ಮೇಲೆ ಹುಟ್ಟಿದ ಗಂಡುಮಗುವಿಗೆ ಬಾಬಾತುಂದೆ, ತಂದೆ ಮರಳಿ ಬಂದ ಎಂಬ ಹೆಸರು. ನಮ್ಮ ಮನೆಗಳಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಟ್ಟು, ಆ ಹೆಸರು ಹಿಡಿದು ಬೈಯಲಾಗದೆ ಪುಟ್ಟ ಎಂದು ಕರೆಯುವ ಸೊಸೆಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮ್ಯಾನ್ಮಾರಿನದು ನಮ್ಮ ನಕ್ಷತ್ರದ ಅಕ್ಷರದ ಹತ್ತಿರದ ನೆಂಟ. ಅಲ್ಲಿ ಅಕ್ಷರ ಕೊಡುವುದು ವಾರ: ಸೋಮವಾರಕ್ಕೆ ಕ ವರ್ಗ, ಗುರುವಾರಕ್ಕೆ ಪ ವರ್ಗ, ಭಾನುವಾರಕ್ಕೆ ಸ್ವರ. ಟಿಬೆಟಿನ ಹೆಸರಾದರೆ ವಿಚಾರಿಸಲು ಲ್ಹಾಸಾದ ತನಕ ಹೋಗಬೇಕಿಲ್ಲ, ಬೈಲಕುಪ್ಪೆ ಅಥವಾ ಮುಂಡಗೋಡಿಗೆ ಹೋದರೆ ಸಾಕು. ಅಲ್ಲಿ ಮಕ್ಕಳಿಗೆ ಹೆಸರು ಕೊಡುವುದು ಹೆಚ್ಚಾಗಿ ಲಾಮಾಗಳು. ದಲೈಲಾಮಾ ಅವರ ಹೆಸರು ಟೆನ್ಜಿನ್ ಗ್ಯಾತ್ಸೊ; ಅವರಿಂದ ಬಂದ ಟೆನ್ಜಿನ್ ಎಂಬುದು ಹುಡುಗ ಹುಡುಗಿ ಇಬ್ಬರಿಗೂ ಸಲ್ಲುತ್ತದೆ. ಹಾಗಾಗಿ ಒಂದೇ ತರಗತಿಯಲ್ಲಿ ಹಲವು ಟೆನ್ಜಿನ್‌ಗಳು. ಎರಡನೇ ಹೆಸರೇ ಗುರುತು. ದಾವಾ ಸೋಮವಾರದ ಮಗು, ಪಸಂಗ್ ಶುಕ್ರವಾರದ್ದು.

ಲೆಕ್ಕ ಗೊತ್ತಾದ ಮೇಲೆ ನಿಮ್ಮ ಮಗುವಿಗೆ ಅದು ಕೂಡುತ್ತದೆಯೇ ನೋಡಿ. ಶುಕ್ರವಾರವೇ ಹುಟ್ಟಿದ ಮಗನಿಗೆ ಕೋಫಿ ಎಂದಿಟ್ಟರೆ ಅಕಾನರೂ ಒಪ್ಪುತ್ತಾರೆ. (ಮನೆಯಲ್ಲಿ ಮಾತ್ರ ಅದು ಕಾಫಿಯಾಗದಂತೆ ನೋಡಿಕೊಳ್ಳಬೇಕು.)

ಹೆಜ್ಜೆ 3: ಪದವಿ, ಪೌರೋಹಿತ್ಯ, ರಾಜಕೀಯದ ಹೆಸರುಗಳಲ್ಲಿ ಎಚ್ಚರ

ಕೋಹೆನ್ ಕಿವಿಗೆ ಇಂಪು. ಆದರೆ ಅದು ಯೆಹೂದಿ ಪುರೋಹಿತ ವಂಶದ ಗುರುತು. ಹೊರಗಿನವರು ಅದನ್ನು ಮಗುವಿನ ಹೆಸರು ಮಾಡಿಕೊಂಡರೆ ಬಹಳಷ್ಟು ಯೆಹೂದಿಗಳಿಗೆ ನೋವಾಗುತ್ತದೆ. ಸೈಯದ್ ಕೂಡ ವಂಶ ಹೇಳುವ ಮಾತು. ಅಬ್ದುಲ್ ಎಂದಷ್ಟೇ ಹೇಳಿದರೆ ಅರಬ್ಬಿಯಲ್ಲಿ ಅರ್ಧ ಮಾತು. ಅಬ್ದುಲ್ ರಹಮಾನ್ ಎಂಬಂತೆ ದೇವರ ಹೆಸರು ಜೊತೆಗೆ ಬರಬೇಕು. ರಾಜಕಾರಣಿಗಳ ಹೆಸರಂತೂ ಬೇಡ ಎಂದೇ ನನ್ನ ಸಲಹೆ. ಇವತ್ತಿನ ನಾಯಕ ನಾಳೆ ಏನಾಗುತ್ತಾನೋ ಬಲ್ಲವರಿಲ್ಲ.

ಹೆಜ್ಜೆ 4: ಮಹಡಿಯ ಮೇಲಿಂದ ಕೂಗಿ ನೋಡಿ

ಬರೆದಾಗ ಚೆಂದ ಕಾಣುವ ಹೆಸರು ಕೂಗಿದಾಗ ಬೇರೆಯಾಗುತ್ತದೆ. ಕೈ ಹವಾಯಿಯಲ್ಲಿ ಕಡಲು, ಜರ್ಮನಿಯಲ್ಲಿ ಗಂಡುಮಕ್ಕಳ ಹೆಸರು. ಮಂಡ್ಯದ ಶಾಲೆಯಲ್ಲಿ ಮೇಷ್ಟ್ರು ‘ಕೈ ಎತ್ತಿ’ ಎಂದಾಗಲೆಲ್ಲ ತರಗತಿ ನಗುತ್ತದೆ. ಅನ್ನಾ ಎಂಬ ಹುಡುಗಿ ಊಟದ ಹೊತ್ತಿಗೆ ಅನ್ನವಾಗುತ್ತಾಳೆ, ಹನಾ ಹಣವಾಗುತ್ತಾಳೆ. ಬೆಲ್ಲಾ ಬೆಲ್ಲವಾದರೆ ಅಜ್ಜಿಗೆ ಖುಷಿಯೇ. ಕನ್ನಡದ ನಾಲಿಗೆಗೆ ಪದದ ಕೊನೆಯಲ್ಲಿ ಸ್ವರ ಬೇಕು, ಲಿಯಾಮ್ ಊರಿಗೆ ಹೋದ ದಿನವೇ ಲಿಯಾಮು.

ಹೊರದೇಶದಲ್ಲಿ ನೆಲೆಸಿದವರು ತಿರುಗುಮುರುಗಾಗಿಯೂ ನೋಡಿಕೊಳ್ಳಬೇಕು. ಜಯಾ ಜರ್ಮನಿಯಲ್ಲಿ ಯಾಯಾ, ಸ್ಪೇನಿನಲ್ಲಿ ಹಾಯಾ. ಹರ್ಷನ ಹಕಾರವನ್ನು ಫ್ರೆಂಚರು ನುಂಗುತ್ತಾರೆ. ನಾವು ದಕ್ಷಿಣದವರು ತಕಾರಕ್ಕೆ ಟಿ, ಎಚ್ ಎರಡನ್ನೂ ಬರೆಯುತ್ತೇವಲ್ಲ, ಇಂಗ್ಲಿಷರು ಅದನ್ನು ನೋಡಿ ಕವಿತಾಳನ್ನು ನಾಲಿಗೆ ಕಚ್ಚಿಕೊಂಡು ಕರೆಯುತ್ತಾರೆ; ಅಲ್ಲಿ ಎಚ್ ಬಿಡುವುದೇ ಮೇಲು. ಹರ್ಷಿತ್‌ನ ಕೊನೆಯ ಅಕ್ಷರ ಇಂಗ್ಲಿಷ್ ಶಾಲೆಯಲ್ಲಿ ಏನಾಗುತ್ತದೆಂದು ಅಮೆರಿಕದ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. ಎರಡೂ ಕಡೆ ನಿಲ್ಲುವ ಹೆಸರುಗಳಿಗೇನೂ ಬರವಿಲ್ಲ: ಮಾಯಾ, ಮೀರಾ, ನೀನಾ, ತಾರಾ, ನೀಲ್. ಸ್ಲಾವ್ ಭಾಷೆಗಳಲ್ಲೂ ಮೀರಾ ಇದ್ದಾಳೆ, ಶಾಂತಿ ಎಂಬ ಅರ್ಥದಲ್ಲಿ. ನವೋಮಿ ಜಪಾನಿಯರಿಗೂ ಯೆಹೂದಿಗಳಿಗೂ ತಮ್ಮದೇ.

ಹೆಜ್ಜೆ 5: ಕಾಗದಪತ್ರ

ಮಗು ಎಲ್ಲಿ ಹುಟ್ಟುತ್ತದೋ ಅಲ್ಲಿನ ಕಾನೂನು ಮೊದಲೇ ಕೇಳಿ. ಐಸ್ಲೆಂಡಿನಲ್ಲಿ 1991ರಿಂದ ಹೆಸರುಗಳ ಸಮಿತಿಯೇ ಇದೆ. ಹೊಸ ಹೆಸರು ಅಲ್ಲಿನ ವಿಭಕ್ತಿ ಪ್ರತ್ಯಯಕ್ಕೆ ಒಗ್ಗಬೇಕು. ಮಗುವಿನ ಹಿತಕ್ಕೆ ಧಕ್ಕೆ ಎನಿಸುವ ಹೆಸರನ್ನು ಜರ್ಮನಿಯ ನೋಂದಣಿ ಕಚೇರಿ ನಿರಾಕರಿಸಬಹುದು. ಕ್ಯಾಲಿಫೋರ್ನಿಯಾದ ಜನನ ಪತ್ರದಲ್ಲಿ ಬಹುಕಾಲ ಇಂಗ್ಲಿಷಿನ 26 ಅಕ್ಷರಗಳಷ್ಟೇ ಇದ್ದವು. ಸ್ಪ್ಯಾನಿಷ್, ಫ್ರೆಂಚ್ ಹೆಸರುಗಳ ಮೇಲಿನ ಚಿಹ್ನೆಗಳಿಗೆ ಜಾಗವಿರಲಿಲ್ಲ.

ಕನ್ನಡಿಗರಿಗೆ ಇನ್ನೊಂದು ತೊಡಕು ಇನಿಷಿಯಲ್. ಪಾಸ್‌ಪೋರ್ಟಿನಲ್ಲಿ ಅದನ್ನು ಬಿಡಿಸಿ ಬರೆಯಬೇಕು. ಊರ ಹೆಸರೋ ತಂದೆಯ ಹೆಸರೋ ಕುಲನಾಮವಾಗಿ ಕೂರುತ್ತದೆ. ಬೇಡವೆಂದು ಒಂದೇ ಪದ ಇಟ್ಟರೆ ಅಮೆರಿಕದ ವೀಸಾದಲ್ಲಿ ಅದು ಕುಲನಾಮದ ಜಾಗಕ್ಕೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ ಬರುತ್ತದೆ; ಮೊದಲ ಹೆಸರು ತಿಳಿದಿಲ್ಲ ಎಂದು. 2022ರ ನವೆಂಬರಿನಲ್ಲಿ ಯುಎಇ ಕೂಡ ಒಂದೇ ಪದದ ಹೆಸರಿನವರಿಗೆ ಪ್ರವಾಸಿ ವೀಸಾದಲ್ಲಿ ಪ್ರವೇಶವಿಲ್ಲ ಎಂದಿತು. ಸುಕರ್ಣೊ, ಸುಹಾರ್ತೊ ಎಂದು ಒಂಟಿ ಹೆಸರಿನ ಅಧ್ಯಕ್ಷರನ್ನು ಕಂಡ ಇಂಡೊನೇಷ್ಯಾವೇ ಅದೇ ವರ್ಷ ಕನಿಷ್ಠ ಎರಡು ಪದ ಇರಲಿ ಎಂಬ ನಿಯಮ ತಂದಿದೆ. ಹೊರನಾಡಿನ ಹೆಸರು ಯಾವುದೇ ಇರಲಿ, ಜೊತೆಗೆ ಎರಡನೇ ಪದ ಬೇಕೇ ಬೇಕು.

ಕರ್ನಾಟಕದಲ್ಲಿ ಹುಟ್ಟಿದ ಮಗುವಾದರೆ ಕಾಗುಣಿತ ತೀರ್ಮಾನಿಸಿ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಚೀಟಿಯಲ್ಲಿ ಬರೆದು ಕೊಡಿ. ಬಾಯಲ್ಲಿ ಹೇಳಿ ಬರಬೇಡಿ. 2023ರ ಅಕ್ಟೋಬರ್ 1 ಮತ್ತು ಅನಂತರ ಹುಟ್ಟಿದವರಿಗೆ ಶಾಲೆಯಿಂದ ಪಾಸ್‌ಪೋರ್ಟಿನವರೆಗೆ ಜನ್ಮದಿನದ ದಾಖಲೆ ಎಂದರೆ ಜನನ ಪ್ರಮಾಣಪತ್ರವೇ. ಅದರಲ್ಲಿ ಬಿದ್ದ ತಪ್ಪಕ್ಷರ ಆಧಾರ್‌ಗೂ ಅಂಕಪಟ್ಟಿಗೂ ಹರಿದು ಹೋಗುತ್ತದೆ. ಹೆಸರು ಇನ್ನೂ ಗಟ್ಟಿಯಾಗಿಲ್ಲವೇ? ಅವಸರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಿ, ಹೆಸರಿನ ಜಾಗ ಖಾಲಿ ಬಿಡಿ. 12 ತಿಂಗಳೊಳಗೆ ಶುಲ್ಕವಿಲ್ಲದೆ, ಆಮೇಲೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ ಹೆಸರು ಸೇರಿಸಬಹುದು.